ಒಂಬತ್ತನೆಯ ತಲೆ

ಬಸ್ಸಿನೊಳಗೆ ಅವನ ಗಂಟಲಿಗೆ ಎದುರೇ ಇರಲಿಲ್ಲ. ಬಾಗಿಲಲ್ಲಿ ಜೋತುಬಿದ್ದವರನ್ನು ಗದರಿಸಿ ಒಳಗೆ ಸೇರಿಸುವುದು, ನಿದ್ದೆಗೆ ಜಾರಿದ ಮುದುಕರನ್ನು ಅವರ ಸ್ಟಾಪು ಬಂದಾಗ ತಟ್ಟಿ ಎಬ್ಬಿಸುವುದು, ಟಿಕೆಟ್ ತೆಗೆದುಕೊಳ್ಳದೆ ಕಿಟಕಿಯಾಚೆ ಕಣ್ಣು ನೆಟ್ಟು ಕುಳಿತವರ ಕಿವಿಯ ಹತ್ತಿರ ಹೋಗಿ ಕೆಮ್ಮುವುದು, ಇದೆಲ್ಲ ಅವನಿಗೆ ಎಡಗೈ ಕೆಲಸ. ಅವನು ಹಿಂದಿನಿಂದ ‘ರೈಟ್ ರೈಟ್’ ಎಂದರೆ ಸಾಕು, ಡ್ರೈವರ್ ಕನ್ನಡಿ ಕೂಡ ನೋಡದೆ ಗೇರು ಹಾಕುತ್ತಿದ್ದ. ಅಂಥವನು ಖಾಕಿ ಅಂಗಿ ಕಳಚಿ ಸಂಜೆ ಕಾಲೇಜಿನ ಬೆಂಚಿನ ಮೇಲೆ ಕುಳಿತನೆಂದರೆ ಬಾಯಿಗೆ ಬೀಗ ಬಿದ್ದಂತೆ. ಹಾಜರಿ ಕರೆದಾಗಲೂ ಪಕ್ಕದವರಿಗೆ ಮಾತ್ರ ಕೇಳುವ ಹಾಗೆ ‘ಯೆಸ್ ಸಾರ್’ ಅನ್ನುತ್ತಿದ್ದ. ಅವನ ಬಸ್ಸಿನಲ್ಲೇ ಓಡಾಡುವ ಸಹಪಾಠಿಗಳು ಅವನಿಗೆ ರೈಟಣ್ಣ ಎಂದು ಹೆಸರಿಟ್ಟರು. ಅದು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ, ಮೇಷ್ಟ್ರುಗಳೂ ಹಾಗೆಯೇ ಕರೆಯತೊಡಗಿದರು.

ಅವನನ್ನು ಕಾಲೇಜಿಗೆ ಎಳೆದು ತಂದವಳು ಅಕ್ಕ. ತಮ್ಮ ಓದಲಿ ಎಂದು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಸಿದ್ಧ ಉಡುಪಿನ ಫ್ಯಾಕ್ಟರಿ ಸೇರಿದವಳು. ತಮ್ಮ ಓದಲಿಲ್ಲ, ಡಿಗ್ರಿಯ ಮೊದಲ ವರ್ಷವೇ ಫೇಲಾಗಿ ಕಂಡಕ್ಟರಾದ. ಅಕ್ಕ ಅಂಗಿಗಳಿಗೆ ಕಾಲರ್ ಹೊಲಿಯುತ್ತ ಹೊಲಿಯುತ್ತಲೇ ಬಿಟ್ಟುಹೋದ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿಕೊಂಡಳು. ತಲೆಗೂದಲು ಅಲ್ಲಲ್ಲಿ ನರೆಯುವ ಹೊತ್ತಿಗೆ, ‘ನನ್ನ ಜೊತೆ ಬರ್ತೀಯೋ, ಇಲ್ಲ ನಾನೊಬ್ಬಳೇ ಹೋಗಲೋ’ ಎಂದು ತಮ್ಮನ ಮುಂದೆ ಬಂದು ನಿಂತಳು. ಡಿಗ್ರಿ ಇದ್ದರೆ ಹೊಲಿಗೆ ಸಾಲಿನಿಂದ ಎದ್ದು ಸೂಪರ್‌ವೈಸರ್ ಕುರ್ಚಿಗೆ ಹೋಗಬಹುದೆಂಬುದು ಅವಳ ಲೆಕ್ಕ. ಅಕ್ಕ ಕೇಳಿದ್ದಕ್ಕೆ ಇಲ್ಲ ಎಂದು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಹೀಗೆ ಇಬ್ಬರೂ ಒಂದೇ ತರಗತಿಯಲ್ಲಿ, ಅವಳು ಮುಂದಿನ ಬೆಂಚು, ಅವನು ಕೊನೆಯ ಬೆಂಚು.

ಕಾಲೇಜು ಎಂದರೆ ಬೇರೆ ಕಟ್ಟಡವಲ್ಲ. ಹಗಲಿನ ಕಾಲೇಜು ಮುಗಿದ ಮೇಲೆ ಅದೇ ಕೋಣೆಗಳಲ್ಲಿ, ಹಗಲಿನವರು ಬೋರ್ಡಿನ ಮೇಲೆ ಅರ್ಧ ಅಳಿಸಿ ಬಿಟ್ಟುಹೋದ ಲೆಕ್ಕಗಳ ಮುಂದೆ ಸಂಜೆಯವರ ಪಾಠ. ಸಂಜೆ ಆರಾಯಿತೆಂದರೆ ಗುಡಿಸುವಾಕೆ ಮನೆಗೆ ಹೋಗುತ್ತಾಳೆ. ಅವಳು ಹೋದ ಹಿಂದೆಯೇ ವಾಚ್‌ಮನ್ ತಾತ ಹೆಂಗಸರ ಶೌಚಾಲಯಕ್ಕೆ ಬೀಗ ಜಡಿಯುತ್ತಾನೆ. ನೋಡಿಕೊಳ್ಳುವವರಿಲ್ಲದ ಮೇಲೆ ತೆರೆದಿಡಬಾರದು ಎಂಬುದು ಅವನಿಗೆ ಬಂದ ಅಪ್ಪಣೆ. ಗಂಡಸರದ್ದಕ್ಕೂ ಬೀಗ ಹಾಕಬಹುದಿತ್ತು, ಆದರೆ ಅದಕ್ಕೆ ಬಾಗಿಲೇ ಇರಲಿಲ್ಲ.

ಸಂಜೆ ತರಗತಿಯ ಹೆಂಗಸರು ಬೇಕೆನಿಸಿದರೆ ದೊಡ್ಡ ರಸ್ತೆ ದಾಟಿ ಎದುರಿನ ಬಸ್ ನಿಲ್ದಾಣಕ್ಕೆ ಹೋಗಬೇಕು. ಅಕ್ಕ ಅದಕ್ಕೂ ಒಂದು ಉಪಾಯ ಕಂಡುಕೊಂಡಳು. ಮಧ್ಯಾಹ್ನದಿಂದ ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ತುಂಬಿಸಿ ತಂದ ಬಾಟಲಿ ರಾತ್ರಿ ಹಾಗೇ ಮನೆಗೆ ವಾಪಸಾಗುತ್ತಿತ್ತು. ಒಮ್ಮೆ ಉರಿಯೆಂದು ಒದ್ದಾಡಿದಳು. ಎರಡನೆಯ ಸಲ ಚಳಿಜ್ವರ ಬಂತು. ಮಾತ್ರೆ ಬರೆದುಕೊಟ್ಟ ಡಾಕ್ಟರಮ್ಮ, ನೀರು ಕುಡಿಯದಿದ್ದರೆ ಮುಂದಿನ ಸಲ ಆಸ್ಪತ್ರೆಯಲ್ಲೇ ಮಲಗಿಸಬೇಕಾಗುತ್ತದೆ ಎಂದು ಮುಖ ಗಂಟಿಕ್ಕಿ ಹೇಳಿದರು. ಅಂದು ಮನೆಗೆ ಬರುವ ದಾರಿಯಲ್ಲಿ ಅಕ್ಕ ತಮ್ಮನಿಗೆ ಹೇಳಿಬಿಟ್ಟಳು. ಈ ಟರ್ಮು ಮುಗಿಯುವುದರೊಳಗೆ ಆ ಬಾಗಿಲು ತೆರೆಯದಿದ್ದರೆ ತಾನು ಕಾಲೇಜು ಬಿಡುತ್ತೇನೆ, ಅಲ್ಲಿಯವರೆಗೆ ದಿನಾ ರಸ್ತೆ ದಾಟಿಯಾದರೂ ಹೋಗಿಬರುತ್ತೇನೆ, ಓದಿನ ಆಸೆಗೆ ಕಿಡ್ನಿ ಕಳೆದುಕೊಳ್ಳುವಷ್ಟು ಹುಚ್ಚಿ ತಾನಲ್ಲ ಎಂದು.

ಮಾರನೆಯ ದಿನವೇ ರೈಟಣ್ಣ ವಾಚ್‌ಮನ್ ತಾತನ ಹತ್ತಿರ ಹೋದ. ತಾತ ಆಫೀಸಿನ ಕಡೆ ಕೈ ತೋರಿಸಿದ. ಆಫೀಸಿನವರು ಪ್ರಿನ್ಸಿಪಾಲರ ಕೋಣೆಯ ಕಡೆ ತೋರಿಸಿದರು. ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ವಿದ್ಯಾರ್ಥಿಗಳ ಅನುಕೂಲದ ವಿಷಯವೆಲ್ಲ ವಿದ್ಯಾರ್ಥಿ ಸಂಘದ ಮೂಲಕ ಬರಬೇಕು, ಸಂಘದ ಠರಾವು ತಂದುಕೊಟ್ಟರೆ ಅವತ್ತೇ ಬೀಗದ ಕೈ ಕೊಡಿಸುತ್ತೇನೆ ಎಂದರು. ಸಂಘದಲ್ಲಿ ಸಂಜೆ ವಿಭಾಗಕ್ಕೆ ಇದ್ದದ್ದು ಒಂದೇ ಸೀಟು. ಅದು ಯಾರಿಗೂ ಬೇಡವಾಗಿತ್ತು. ದುಡಿದು ಬರುವವರಿಗೆ ಪಾಠ ಕೇಳುವುದಕ್ಕೇ ಬಿಡುವಿಲ್ಲ, ಇನ್ನು ಸಭೆ ಎಲ್ಲಿಂದ. ರೈಟಣ್ಣ ಕೈ ಎತ್ತಿದ, ಎದುರಾಳಿ ಯಾರೂ ಇರಲಿಲ್ಲ, ಗೆದ್ದ.

ಮೊದಲ ಸಭೆಗೆ ರಜೆ ಹಾಕಿ ಹೋದ. ಸಂಘದ ಅಧ್ಯಕ್ಷ ಹಗಲು ಕಾಲೇಜಿನ ಹುಡುಗ, ಇಸ್ತ್ರಿ ಕೆಡದ ಅಂಗಿಯವನು, ಪ್ರತಿ ಮಾತಿಗೂ ನಿಯಮಾವಳಿ ಎತ್ತುವವನು. ಹಿಂದಿನ ವರ್ಷ ಒಬ್ಬ ಪದಾಧಿಕಾರಿ ಗೆದ್ದ ದಿನ ಹಾರ ಹಾಕಿಸಿಕೊಂಡು ಹೋದವನು ವರ್ಷವಿಡೀ ಮುಖ ತೋರಿಸಿರಲಿಲ್ಲವಂತೆ. ಅಂಥವರಿಗೆ ಪಾಠ ಕಲಿಸಲು ಅಧ್ಯಕ್ಷ ಹೊಸ ನಿಯಮವೊಂದನ್ನು ಮುಂದಿಟ್ಟ. ಸತತ ಮೂರು ಸಭೆಗೆ ಬಾರದವರನ್ನು ಹಾಜರಿರುವವರ ಮೂರನೇ ಎರಡು ಮತದಿಂದ ತೆಗೆಯಬಹುದು ಎಂದು. ಎಲ್ಲರೂ ಕೈ ಎತ್ತಿದರು. ಟಿಕೆಟ್ ತೆಗೆದುಕೊಂಡವನು ಬಸ್ಸಿನಲ್ಲಿ ಇರಲೇಬೇಕು ಎಂಬುದು ರೈಟಣ್ಣನ ಮನಸ್ಸಿಗೂ ಸರಿ ಕಂಡಿತು. ಅವನೂ ಕೈ ಎತ್ತಿದ.

ಆಮೇಲೆ ಅವನ ವಿಷಯ ಕೇಳಿದರು. ಅಜೆಂಡಾಕ್ಕೆ ಬರೆದುಕೊಡಿ ಎಂದು ಕಾರ್ಯದರ್ಶಿ ಹುಡುಗಿ ಒಂದು ಚೀಟಿ, ಪೆನ್ನು ಮುಂದೆ ಸರಿಸಿದಳು. ಅವನು ಪೆನ್ನು ಹಿಡಿದು ಕುಳಿತ. ‘ಹೆಂಗಸರ’ ಎಂದು ಬರೆಯುವಷ್ಟರಲ್ಲಿ ಕಣ್ಣ ಮುಂದೆ ಅಕ್ಕನ ಮುಖ ಬಂತು. ಎದುರಿಗೆ ಮಗಳ ವಯಸ್ಸಿನ ಹುಡುಗಿ. ಯಾರಿಗಾಗಿ ಎಂದು ಕೇಳಿದರೆ ಅಕ್ಕನ ಉರಿ, ಜ್ವರ ಎಲ್ಲವನ್ನೂ ಇವರ ಮುಂದೆ ಹರಡಬೇಕೇ. ಬರೆದದ್ದನ್ನು ಹೊಡೆದುಹಾಕಿ, ‘ಸಂಜೆ ವಿಭಾಗದ ಮೂಲಸೌಕರ್ಯ’ ಎಂದು ಗುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟ. ಬರೆದಾದ ಮೇಲೆ ಒಳ್ಳೆಯ ಮಾತು ಸಿಕ್ಕಿತೆಂದು ಅವನಿಗೆ ಸಮಾಧಾನವೂ ಆಯಿತು. ಆ ದಿನ ಹೊತ್ತಾಗಿತ್ತು, ವಿಷಯ ಮುಂದಿನ ಸಭೆಗೆ ಹೋಯಿತು.

ಮುಂದಿನ ಸಭೆ ಮಧ್ಯಾಹ್ನ. ಅದರ ಮುಂದಿನದೂ ಮಧ್ಯಾಹ್ನ. ಆ ಹೊತ್ತಿಗೆ ಅವನು ಬಸ್ಸಿನಲ್ಲಿ, ಊರಿನ ಆ ತುದಿಯಲ್ಲಿ ಇರುತ್ತಿದ್ದ. ಸಂಜೆ ಇಟ್ಟುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳಿಕಳಿಸಿದ. ಸಂಜೆಯಾದರೆ ಎಲ್ಲರೂ ಮನೆಗೆ ಹೊರಟುಬಿಡುತ್ತಾರೆ ಎಂದು ಉತ್ತರ ಬಂತು. ಅದು ಅವನಿಗೇನು ಹೊಸ ಸುದ್ದಿಯಲ್ಲ. ಅರ್ಧಕ್ಕರ್ಧ ಸಂಘ ಸಂಜೆ ಅವನ ಡ್ಯೂಟಿಯ ಕೊನೆಯ ಟ್ರಿಪ್ಪಿಗೇ ಹತ್ತುತ್ತಿತ್ತು. ಅವನ ವಿಷಯ ಮಾತ್ರ, ಮಂಡಿಸುವವರಿಲ್ಲ ಎಂಬ ಷರಾದೊಂದಿಗೆ ಒಂದು ಸಭೆಯಿಂದ ಇನ್ನೊಂದಕ್ಕೆ ತಳ್ಳಿಸಿಕೊಳ್ಳುತ್ತ ಹೋಯಿತು. ಮೂರನೆಯ ಗೈರುಹಾಜರಿಯೂ ಆಯಿತು.

ಒಂದು ಸಂಜೆ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಕಾರ್ಯದರ್ಶಿ ಹುಡುಗಿ ಕಂಬ ಹಿಡಿದು ನಿಂತಲ್ಲಿಂದಲೇ ಪಾಸು ತೋರಿಸಿ, ‘ರೈಟಣ್ಣ, ಶುಕ್ರವಾರದ ಸಭೆಗೆ ಬನ್ನಿ, ನಿಮ್ಮನ್ನ ತೆಗೆಯೋ ವಿಷಯ ಇದೆ’ ಎಂದಳು. ನಾಳೆ ಮೋಡವಿರಬಹುದು ಎನ್ನುವ ಧಾಟಿಯಲ್ಲಿ. ಅವನು ಪಾಸು ನೋಡಿ ಹಿಂದಿರುಗಿಸಿ, ‘ಮುಂದೆ ಹೋಗಮ್ಮ, ಮುಂದೆ ಖಾಲಿಯಿದೆ’ ಎಂದ. ಮುಂದೆಯೂ ಖಾಲಿಯಿರಲಿಲ್ಲ.

ಶುಕ್ರವಾರದ್ದು ಆ ಟರ್ಮಿನ ಕೊನೆಯ ಸಭೆ. ರೈಟಣ್ಣ ಇನ್ನೊಬ್ಬ ಕಂಡಕ್ಟರನನ್ನು ಕಾಡಿ ಬೇಡಿ, ಅವನ ಭಾನುವಾರದ ನಸುಕಿನ ಟ್ರಿಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಡ್ಯೂಟಿ ಬದಲಿಸಿಕೊಂಡ. ನಾಲ್ಕು ದಿನ ಬಸ್ಸಿನ ಗದ್ದಲದಲ್ಲೇ ಮಾತನ್ನು ಬಾಯಿಪಾಠ ಮಾಡಿದ. ಮಾನ್ಯರೇ, ನಾನು ಬಾರದಿದ್ದದ್ದು ಉದಾಸೀನದಿಂದಲ್ಲ ಎಂದು ಶುರುವಾಗುವ ಮಾತು. ಮುಂದಿನ ಸೀಟಿನ ಒಬ್ಬಾಕೆ, ಕಂಡಕ್ಟರ್ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆಂದು ಮಗುವನ್ನು ಇನ್ನೊಂದು ತೊಡೆಗೆ ಬದಲಿಸಿ ಕೂರಿಸಿಕೊಂಡಳು.

ಸಂಘದ ಕೋಣೆ ಮಹಡಿಯ ಕೊನೆಯಲ್ಲಿ. ಬಾಗಿಲು ಅರೆ ತೆರೆದಿತ್ತು. ಒಳಗೆ ಇಣುಕಿದ ಕೂಡಲೇ ಕಣ್ಣು ತಾನಾಗಿ ತಲೆ ಎಣಿಸಿತು, ಅದು ಕಂಡಕ್ಟರನ ಕಣ್ಣು. ಎಂಟು. ಮೂಲೆಯಲ್ಲಿ ಸಂಘದ ಸಲಹೆಗಾರ ಮೇಷ್ಟ್ರು ಪರೀಕ್ಷೆ ಪೇಪರು ತಿದ್ದುತ್ತಿದ್ದರು, ಅವರು ಲೆಕ್ಕಕ್ಕಿಲ್ಲ. ಕ್ರೀಡಾ ಕಾರ್ಯದರ್ಶಿ ಕಡಲೆಕಾಯಿ ಜಗಿಯುತ್ತ ಹೊರಗೆ ಬಂದ. ಗೋಲ್‌ಕೀಪರನಾದ ಅವನನ್ನು ಎಲ್ಲರೂ ಗೋಲಿ ಎನ್ನುತ್ತಿದ್ದರು. ರೈಟಣ್ಣನನ್ನು ಕಂಡದ್ದೇ ತೋಳು ಹಿಡಿದು ಗೋಡೆಯ ಬದಿಗೆ ಸರಿಸಿದ.

‘ಒಳಗೆ ಬರಬೇಡಿ’ ಎಂದ ಪಿಸುದನಿಯಲ್ಲಿ. ‘ಸಭೆ ನಡೀಬೇಕಂದ್ರೆ ಒಂಬತ್ತು ಜನ ಸದಸ್ಯರು ಬೇಕು. ಎಂಟೇ ಇದೀವಿ, ಕೋರಂ ಇಲ್ಲ. ನೀವು ಬಂದ್ರೆ ಒಂಬತ್ತಾಗುತ್ತೆ, ಆಮೇಲೆ ನಿಮ್ಮನ್ನೇ ತೆಗೀತಾರೆ. ಸುಮ್ನೆ ಕ್ಯಾಂಟೀನಿಗೆ ಹೋಗಿ ಟೀ ಕುಡೀರಿ. ಅರ್ಧ ಗಂಟೆ ಕಾದು ಎಲ್ಲಾ ಎದ್ದು ಹೋಗ್ತಾರೆ.’

‘ನನ್ನ ವಿಷಯ?’ ಎಂದ ರೈಟಣ್ಣ.

‘ಯಾವುದು, ಆ ಮೂಲಸೌಕರ್ಯವಾ? ಬೆಂಚು ಫ್ಯಾನು ತಾನೇ. ಮುಂದಿನ ವರ್ಷ ನೋಡ್ಕೊಂಡ್ರಾಯ್ತು ಬಿಡಿ.’

ಬೆಂಚೂ ಅಲ್ಲ ಫ್ಯಾನೂ ಅಲ್ಲ ಎನ್ನಲು ಅವನು ಬಾಯಿ ತೆರೆದ. ಅದೇ ಹೊತ್ತಿಗೆ ಇಬ್ಬರು ಹುಡುಗಿಯರು ನಗುತ್ತ ಪಕ್ಕದಲ್ಲೇ ಹಾದುಹೋದರು. ತೆರೆದ ಬಾಯಿ ಹಾಗೆಯೇ ಮುಚ್ಚಿತು. ಹೊರಗೆ ನಿಂತರೆ ಸೀಟು ಉಳಿಯುತ್ತದೆ, ಆದರೆ ಸಭೆ ನಡೆಯುವುದಿಲ್ಲ, ಠರಾವು ಆಗುವುದಿಲ್ಲ, ಅಕ್ಕ ಕಾಲೇಜು ಬಿಡುತ್ತಾಳೆ. ಒಳಗೆ ಹೋದರೆ ಸೀಟು ಹೋಗಬಹುದು, ಠರಾವಾದರೂ ಆದೀತು. ಸೀಟು ಕಟ್ಟಿಕೊಂಡು ತನಗೇನಾಗಬೇಕು. ಚಪ್ಪಲಿ ನೆಲಕ್ಕೆ ಒರೆಸಿ ಒಳಗೆ ನಡೆದ. ಹಿಂದೆ ಗೋಲಿ ಹಣೆ ಚಚ್ಚಿಕೊಂಡು ಒಳಗೆ ಬಂದದ್ದು ಕೇಳಿಸಿತು.

‘ಒಂಬತ್ತು, ಕೋರಂ ಆಯ್ತು’ ಎಂದಳು ಕಾರ್ಯದರ್ಶಿ. ಕಾದು ಬೇಸತ್ತವರೆಲ್ಲ ಉಸಿರು ಬಿಟ್ಟರು. ಖಾಲಿ ಬಿದ್ದಿದ್ದ ಕೊನೆಯ ಸೀಟಿಗೆ ಆಳು ಕೂರಿಸಿ ಬಸ್ಸು ಹೊರಡಿಸಿದಾಗ ಆಗುವಂಥ ಒಂದು ತೃಪ್ತಿ ರೈಟಣ್ಣನಿಗೂ ಆಯಿತು. ಕುಳಿತವನೇ ಮೊದಲು ಕೇಳಿದ್ದು, ತನ್ನ ವಿಷಯವನ್ನೂ ಇವತ್ತೇ ತೆಗೆದುಕೊಳ್ಳುತ್ತೀರಾ ಎಂದು. ಅಜೆಂಡಾದಲ್ಲಿದೆ, ಖಂಡಿತ ತೆಗೆದುಕೊಳ್ಳುತ್ತೇವೆ ಎಂದ ಅಧ್ಯಕ್ಷ. ಹಾಗಾದರೆ ಅದನ್ನೇ ಮೊದಲು ಮುಗಿಸಬಹುದೇ ಎಂದು ರೈಟಣ್ಣ ಕೇಳಿದ. ಆಗುವುದಿಲ್ಲವಂತೆ. ತೆಗೆಯುವ ಪ್ರಸ್ತಾಪ ತಲೆಯ ಮೇಲಿರುವ ಸದಸ್ಯ ಬೇರೆ ವಿಷಯ ಮಂಡಿಸುವಂತಿಲ್ಲ, ಮೊದಲು ಅದು ಇತ್ಯರ್ಥವಾಗಬೇಕು. ಅಧ್ಯಕ್ಷ ನಿಯಮದ ಸಂಖ್ಯೆಯನ್ನೂ ಹೇಳಿದ. ಮೇಷ್ಟ್ರು ಪೇಪರಿನಿಂದ ತಲೆಯೆತ್ತದೆ ಹೂಂ ಎಂದರು.

‘ನೀವು ಏನಾದ್ರೂ ಹೇಳೋದಿದ್ರೆ ಹೇಳಿ, ರೈಟಣ್ಣ.’

ಎದ್ದು ನಿಂತ. ನಾಲ್ಕು ದಿನ ಬಾಯಿಪಾಠ ಮಾಡಿದ್ದ ಮಾತು ಎಲ್ಲಿ ಇಳಿದುಹೋಯಿತೋ. ಒಂಬತ್ತು ತಲೆಗಳು ಕಂಡವು, ಎಣಿಸಿದ, ತನ್ನದನ್ನು ಬಿಟ್ಟು ಎಂಟು ಮತ್ತು ಮೇಷ್ಟ್ರದ್ದೊಂದು. ಕೊನೆಗೆ ಹೊರಬಿದ್ದದ್ದು ಎರಡೇ ಪದ.

‘ಡ್ಯೂಟಿ ಇತ್ತು.’

‘ಡ್ಯೂಟಿ ಎಲ್ಲರಿಗೂ ಇರುತ್ತೆ’ ಎಂದ ಅಧ್ಯಕ್ಷ. ಅದರಲ್ಲಿ ಕೊಂಕು ಇರಲಿಲ್ಲ, ಅವನು ನಿಜಕ್ಕೂ ಹಾಗೆ ನಂಬಿದ್ದ. ‘ನಿಮ್ಮ ಮೇಲೆ ನಮಗ್ಯಾರಿಗೂ ಕೋಪ ಇಲ್ಲ. ಆದ್ರೆ ಈ ನಿಯಮಕ್ಕೆ ನೀವೂ ಕೈ ಎತ್ತಿದ್ರಿ, ನೆನಪಿದೆಯಲ್ಲ?’

ನೆನಪಿತ್ತು. ಮತಕ್ಕೆ ಹಾಕುವ ಮೊದಲು ಗೋಲಿ ಮೇಜಿನಡಿಯಿಂದ ಅವನ ಕಾಲು ಒದ್ದು ಬಾಗಿಲಿನ ಕಡೆ ಕಣ್ಣು ತೋರಿಸಿದ. ಈಗಲಾದರೂ ಎದ್ದು ಹೋಗು, ಕೋರಂ ಮುರಿಯುತ್ತದೆ ಎಂದು. ರೈಟಣ್ಣ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡು ಕುಳಿತೇ ಇದ್ದ. ಇದಾದ ಮೇಲೆ ಬರುವುದು ತನ್ನ ವಿಷಯ, ಈಗ ಎದ್ದು ಹೋದರೆ ಅದನ್ನು ಕೇಳುವವರು ಯಾರು.

ಆರು ಕೈ ಮೇಲೆದ್ದವು. ಗೋಲಿ ಎತ್ತಲಿಲ್ಲ. ಕೊನೆಯಲ್ಲಿ ಕುಳಿತ ಹುಡುಗಿಯೊಬ್ಬಳು ನೆಲ ನೋಡಿದಳು. ಒಂಬತ್ತರಲ್ಲಿ ಆರು, ಸರಿಯಾಗಿ ಮೂರನೇ ಎರಡು. ಅಧ್ಯಕ್ಷ ಅವನ ಸೇವೆಗೆ ಧನ್ಯವಾದ ಹೇಳಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಸೇವೆಗೆ ಎಂದು ಅವನಿಗೂ ತಿಳಿಯಲಿಲ್ಲ, ಅವರಿಗೂ ತಿಳಿದಿರಲಾರದು. ‘ಮುಂದಿನ ವಿಷಯ, ಸಂಜೆ ವಿಭಾಗದ ಮೂಲಸೌಕರ್ಯ’ ಎಂದು ಓದಿದ ಅಧ್ಯಕ್ಷ. ರೈಟಣ್ಣ ಕುರ್ಚಿಯ ತುದಿಗೆ ಬಂದ. ಅಷ್ಟರಲ್ಲಿ ಕಾರ್ಯದರ್ಶಿ ಹುಡುಗಿ ಪೆನ್ನಿನ ತುದಿಯಿಂದ ಗಾಳಿಯಲ್ಲಿ ತಲೆ ಎಣಿಸತೊಡಗಿದಳು. ಅವನ ತಲೆಯ ಹತ್ತಿರ ಬಂದಾಗ ಪೆನ್ನು ನಿಂತಿತು, ಹಾರಿ ಪಕ್ಕದ ತಲೆಗೆ ಹೋಯಿತು.

‘ಎಂಟು. ಕೋರಂ ಇಲ್ಲ.’

ಆಗಿದ್ದೇನೆಂದು ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು. ಅಧ್ಯಕ್ಷನ ಕಿವಿ ಕೆಂಪಾಯಿತು. ಅವನು ನಿಯಮಾವಳಿ ತೆರೆದು ಹಿಂದೆ ಮುಂದೆ ತಿರುವಿದ. ಗೋಲಿ ಯಾರಿಗೋ ಫೋನು ಮಾಡಿದ, ಎತ್ತಲಿಲ್ಲ. ಇನ್ನೊಬ್ಬರಿಗೆ ಮಾಡಿದ, ಅವರು ಸಿನಿಮಾದಲ್ಲಿದ್ದರು. ನಾನು ಇಲ್ಲಿಯೇ ಇದ್ದೇನಲ್ಲ ಎಂದ ರೈಟಣ್ಣ. ನೀವೀಗ ಸದಸ್ಯರಲ್ಲ ಎಂದು ಅಧ್ಯಕ್ಷ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದ. ಮೇಷ್ಟ್ರು ಪೇಪರಿನ ಕಟ್ಟಿಗೆ ದಾರ ಬಿಗಿದು ಎದ್ದರು. ಸಭೆ ಮುಗಿಯಿತು.

ಸಂಜೆ ಅಕ್ಕ ಫ್ಯಾಕ್ಟರಿಯಿಂದ ಬಂದಾಗ ಅವನು ಕಾಲೇಜಿನ ಮೆಟ್ಟಿಲ ಮೇಲೆ ಕುಳಿತಿದ್ದ. ನಡೆದದ್ದನ್ನೆಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು.

‘ಆ ಹುಡುಗ ಬರಬೇಡ ಅಂದ ಮೇಲೂ ಯಾಕೋ ಒಳಗೆ ಹೋದೆ?’

‘ಹೋಗದಿದ್ರೆ ಸಭೆ ಆಗ್ತಿರಲಿಲ್ಲ ಕಣಕ್ಕಾ.’

‘ಆಗಿ ಏನಾಯ್ತು?’

ಒಳಗಿನಿಂದ ತಾತ ಬೀಗ ಹಾಕಿ ಎಳೆದು ನೋಡಿದ ಸದ್ದು ಬಂತು. ಅವನು ಯಾವಾಗಲೂ ಎರಡು ಸಲ ಎಳೆದು ನೋಡುತ್ತಿದ್ದ.

ಮೊದಲ ಪಾಠ ಮುಗಿದ ಕೂಡಲೇ ಅಕ್ಕ ಹಿಂದಿರುಗಿ ಅವನನ್ನು ನೋಡಿದಳು. ಹೇಳುವ ಅಗತ್ಯವಿರಲಿಲ್ಲ. ಇಬ್ಬರೂ ಕೆಳಗಿಳಿದರು. ದೊಡ್ಡ ರಸ್ತೆಯಲ್ಲಿ ಅವನು ಮುಂದೆ ನಿಂತು ಕೈ ಅಡ್ಡ ಹಿಡಿದು, ‘ಹೋಲ್ಡಾನ್’ ಎಂದು ಕೂಗಿ ಲಾರಿಯೊಂದನ್ನು ನಿಲ್ಲಿಸಿ ಅವಳನ್ನು ದಾಟಿಸಿದ. ರಸ್ತೆಯ ಮೇಲೆ ಮಾತ್ರ ಗಂಟಲು ಸರಿಯಾಗಿ ಕೆಲಸ ಮಾಡುತ್ತಿತ್ತು. ಬಸ್ ನಿಲ್ದಾಣದ ಶೌಚಾಲಯದ ಹೊರಗೆ ಅಕ್ಕನ ಚೀಲ, ತುಂಬಿದ ನೀರಿನ ಬಾಟಲಿ ಹಿಡಿದು ನಿಂತಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ಅಧ್ಯಕ್ಷ ಕಂಡ. ಅವನೇ ಹತ್ತಿರ ಬಂದು, ಬೇಜಾರು ಮಾಡಿಕೊಳ್ಳಬೇಡಿ, ಮಧ್ಯಾಹ್ನ ಆದದ್ದು ಸರಿಯಾಗಲಿಲ್ಲ ಎಂದ. ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಇವನೇ ಅಧ್ಯಕ್ಷ ಎಂದು ತಮ್ಮನಿಂದ ತಿಳಿದದ್ದೇ ಅಲ್ಲಿಯೇ ನಿಂತಳು.

‘ಅಲ್ಲಪ್ಪಾ, ನಾನೀಗ ಎಲ್ಲಿಂದ ಹೊರಗೆ ಬಂದೆ, ನೋಡಿದೆಯಾ?’

ಹುಡುಗ ಬಾಗಿಲಿನ ಮೇಲಿನ ಬೋರ್ಡು ನೋಡಿ ಕಣ್ಣು ತಗ್ಗಿಸಿದ.

‘ಕಾಲೇಜಿನ ಹೆಂಗಸರ ಕಕ್ಕಸಿಗೆ ಆರು ಗಂಟೆಗೆ ಬೀಗ ಬೀಳುತ್ತೆ. ನಾವು ದಿನಾ ಈ ರಸ್ತೆ ದಾಟಿ ಬರ್ತೀವಿ. ಎರಡು ಸಲ ಕಾಯಿಲೆ ಬಿದ್ದು ಮಲಗಿದೀನಿ. ಅದನ್ನ ಹೇಳೋಕೇ ಇವನು ನಿಮ್ಮ ಸಂಘಕ್ಕೆ ಬಂದದ್ದು.’

‘ನಮಗೆ ಯಾರೂ ಹೇಳಲೇ ಇಲ್ಲವಲ್ಲಮ್ಮಾ’ ಎಂದ ಹುಡುಗ.

‘ಅಜೆಂಡಾದಲ್ಲಿತ್ತು’ ಎಂದ ರೈಟಣ್ಣ. ‘ಮೂಲಸೌಕರ್ಯ ಅಂತ.’

‘ಅದು ಇದಾ?’ ಹುಡುಗ ಅವನನ್ನೇ ನೋಡಿದ. ‘ನಾವು ಬೆಂಚು ಅಂದ್ಕೊಂಡಿದ್ವಿ. ರೈಟಣ್ಣ, ಇದನ್ನ ಬಾಯಿಬಿಟ್ಟು ಹೇಳಿದ್ದಿದ್ರೆ ಮೊದಲನೇ ಸಭೆಯಲ್ಲೇ ಆಗಿಹೋಗ್ತಿತ್ತು.’

ಅವರು ಆರು ಜನ ಕೈ ಎತ್ತಿದಾಗಲೂ ರೈಟಣ್ಣನಿಗೆ ಇಷ್ಟು ನೋವಾಗಿರಲಿಲ್ಲ. ಬಾಟಲಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಹಾಗಾದರೆ ಈಗಲೇ ಮಾಡಿಕೊಡಪ್ಪ ಎಂದಳು ಅಕ್ಕ. ಟರ್ಮಿನ ಸಭೆಗಳೆಲ್ಲ ಮುಗಿದವು, ಸಂಜೆಯವರ ವಿಷಯವನ್ನು ಸಂಜೆಯ ಸದಸ್ಯರೇ ಮಂಡಿಸಬೇಕು, ಆ ಸೀಟು ಈಗ ಖಾಲಿ, ಚುನಾವಣೆ ಮುಂದಿನ ಟರ್ಮಿಗೆ ಎಂದು ಹುಡುಗ ಒಂದೊಂದಾಗಿ ಹೇಳಿದ. ಹೇಳುತ್ತ ಹೇಳುತ್ತ ಅವನ ದನಿಯೇ ಸಣ್ಣದಾಯಿತು. ಯಾರ ಹತ್ತಿರವಾದರೂ ಮಾತಾಡಿ ನೋಡುತ್ತೇನೆ ಎಂದ. ಬಸ್ಸು ಬಂತು, ಹತ್ತಿಕೊಂಡ. ಒಳಗಿನಿಂದ ಬೇರೆ ಯಾರೋ ಕಂಡಕ್ಟರ್ ರೈಟ್ ರೈಟ್ ಎಂದ.

ಅಕ್ಕ ತಮ್ಮನ ಕಡೆ ತಿರುಗಿದಳು.

‘ಕಕ್ಕಸು ಅಂತ ಬರೆಯೋಕೆ ನಿಂಗೇನೋ ಕಷ್ಟ ಆಗಿದ್ದು?’

‘ಯಾರಿಗೆ ಅಂತ ಕೇಳ್ತಿದ್ರು. ನಿನ್ನ ಹೆಸರು ಬರ್ತಿತ್ತು.’

‘ಬಂದಿದ್ರೆ? ನನ್ನ ಮಾನ ಕಾಪಾಡ್ತೀನಿ ಅಂತ ಹೋಗಿ ನನ್ನನ್ನ ದಿನಾ ಲಾರಿಗಳ ಮಧ್ಯೆ ರಸ್ತೆ ದಾಟಿಸ್ತಿದೀಯಲ್ಲೋ.’

ಅವನು ತಲೆ ತಗ್ಗಿಸಿ ನಿಂತ. ಅವಳಿಗೆ ಇನ್ನೂ ಬೈಯಬೇಕೆಂದಿತ್ತು, ಆದರೆ ಚೀಲ ಬಾಟಲಿ ಎರಡನ್ನೂ ಎದೆಗವಚಿಕೊಂಡು ನಿಂತ ಅವನ ರೀತಿ ನೋಡಿ ಅರ್ಧಕ್ಕೇ ಬಿಟ್ಟಳು. ‘ಕಾಲೇಜು ಬಿಡಲ್ಲ, ಮುಂದಿನ ಸಲ ಆ ಸೀಟಿಗೆ ನಾನೇ ನಿಲ್ತೀನಿ. ದೊಡ್ಡಕ್ಷರದಲ್ಲಿ ಬರೀತೀನಿ ನೋಡು ಆ ಪದಾನ’ ಎಂದಳು.

‘ಸಭೆ ಮಧ್ಯಾಹ್ನ ಇಡ್ತಾರಕ್ಕಾ. ನಿಂಗೆ ಫ್ಯಾಕ್ಟರಿ.’

ಅಕ್ಕ ಬಾಟಲಿಗೆ ಕೈ ಚಾಚಿದಳು. ಮುಚ್ಚಳ ತಿರುಗಿಸಿ, ರಸ್ತೆಯಾಚೆ ದೀಪ ಉರಿಯುತ್ತಿದ್ದ ಕಾಲೇಜಿನ ಕಿಟಕಿಗಳನ್ನು ಒಮ್ಮೆ ನೋಡಿದಳು. ಇನ್ನೂ ಎರಡು ಪಾಠ ಬಾಕಿಯಿದ್ದವು. ತುಟಿ ಒದ್ದೆಯಾಗುವಷ್ಟೇ ಕುಡಿದು, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಅವನ ಕೈಗೇ ವಾಪಸು ಕೊಟ್ಟಳು. ಅವನು ರಸ್ತೆಗಿಳಿದು ಕೈ ಅಡ್ಡ ಹಿಡಿದ.